ಟವೆಲ್ಲಿನ ಕೆಳಗಿನ ಮಾತು

ಜೂನ್ 14, ಶನಿವಾರ

ಈ ಕಥೆಯನ್ನು ಮೊದಲು ಹೇಳಿದವಳು ನನ್ನ ಆಯಿ, ಅಪ್ಪನ ಅವ್ವ, ತುಳಜಾಬಾಯಿ. ಹೇಳಿದ್ದು ಇವತ್ತು ಸಂಜೆ, ನನ್ನ ನೀಟ್ ಫಲಿತಾಂಶ ಬಂದ ಮೇಲೆ, ಮಹಾಗಾಂವದ ನಮ್ಮ ಓಣಿಯ ಬೇವಿನ ಕಟ್ಟೆಯ ಮೇಲೆ ಕುಳಿತು. ಕೇಳಿದವರು ಓಣಿಯ ಅರ್ಧ ಮಂದಿ. ಕಥೆ ಇಷ್ಟು: ಕಪಿಲನ ಮಗಳು ಮಾಯಾಳಿಗೆ ಡಾಕ್ಟರ್ ಸೀಟು ಸಿಕ್ಕಿದೆ, ಅದೂ ಕಲಬುರಗಿಯ ದೊಡ್ಡ ಗೇಟಿನ ಕಾಲೇಜಿನಲ್ಲಿ, ಅಲ್ಲಿಯ ದೊಡ್ಡ ಡಾಕ್ಟರು ತಾವೇ ಫೋನು ಮಾಡಿ ಕರೆದಿದ್ದಾರೆ.

ಒಂದು ಮಾತೂ ನಿಜವಲ್ಲ. ಬಂದಿರುವುದು ಅಂಕ. ಸೀಟು ಹಂಚಲು ಇನ್ನೂ ಎರಡು ತಿಂಗಳಿದೆ. ನಮಗೆ ಬೇಕಾದ ಕಾಲೇಜುಗಳ ಹೆಸರನ್ನು ಒಂದರ ಕೆಳಗೊಂದು ಬರೆದು ಕೊಡಬೇಕು. ಮೇಲಿನಿಂದ ನೋಡುತ್ತ ಹೋಗಿ, ನಮ್ಮ ರ‍್ಯಾಂಕಿಗೆ ಯಾವುದು ಮೊದಲು ಸಿಗುತ್ತದೋ ಅದನ್ನು ಸರ್ಕಾರ ಕೊಡುತ್ತದೆ. ಇದನ್ನು ಆಯಿಗೆ ಬಿಡಿಸಿ ಹೇಳಿದೆ.

“ನಾನೂ ಅದಾ ಹೇಳೀನಲ್ಲ,” ಅಂದಳು. “ಸ್ವಲ್ಪ ಮುಂದಿಂದು ಹೇಳೀನಿ, ಅಷ್ಟೇ.”

“ಫೋನು ಯಾರು ಮಾಡ್ಯಾರ ಆಯಿ?”

“ಮಾಡ್ತಾರ ತಗೋ.”

ನನಗೆ ಸಿಟ್ಟು ಬಂದದ್ದು ಸುಳ್ಳಿಗಲ್ಲ. ನನಗೂ ಬೇಕಾದದ್ದು ಅದೇ ಕಾಲೇಜು. ಒಂದು ವರ್ಷ ಕಲಬುರಗಿಯ ಜಗತ್ ಸರ್ಕಲ್ಲಿನ ಕೋಚಿಂಗಿಗೆ ಹೋಗಿ ಬರುವಾಗ ಬಸ್ಸಿನ ಕಿಟಕಿಯಿಂದ ಆ ಗೇಟು ನೋಡಿದ್ದೇನೆ. ಬಿಳಿ ಕೋಟಿನ ಹುಡುಗಿಯರು ಎದುರಿನ ಅಂಗಡಿಯಲ್ಲಿ ನಿಂತು ಮಿರ್ಚಿ ಭಜಿ ತಿನ್ನುತ್ತಿರುತ್ತಾರೆ, ಕೋಟಿಗೆ ಎಣ್ಣೆ ಹತ್ತೀತು ಎಂಬ ಚಿಂತೆಯೂ ಅವರಿಗಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ಆಯಿ ಕಟ್ಟೆಯ ಮೇಲೆ ಹರವಿಬಿಟ್ಟಳು. ಸಿಗದಿದ್ದರೆ ಬರೀ ನನ್ನ ಆಸೆ ಹೋಗುವುದಿಲ್ಲ, ಓಣಿಯ ಮುಂದೆ ಮಾನವೂ ಹೋಗುತ್ತದೆ.

ಜೂನ್ 16, ಸೋಮವಾರ

ಪಕ್ಕದ ಮನೆಯ ದತ್ತಪ್ಪ ಕಾಕಾ ಕಮಲಾಪುರಕ್ಕೆ ಹೋಗಿ ಫ್ಲೆಕ್ಸ್ ಮಾಡಿಸಿಕೊಂಡು ಬಂದಿದ್ದಾನೆ. ಮಹಾಗಾಂವ ಕ್ರಾಸಿನಲ್ಲಿ, ಬಸ್ಸು ನಿಲ್ಲುವಲ್ಲೇ ಕಟ್ಟಿದ್ದಾನೆ. ನನ್ನ ಹಾಲ್ ಟಿಕೆಟ್ಟಿನ ಫೋಟೋ. ಕುತ್ತಿಗೆಗೆ ಯಾರದೋ ಸ್ಟೆತಾಸ್ಕೋಪ್ ಅಂಟಿಸಿದ್ದಾರೆ. ಹಿಂದೆ ದೊಡ್ಡ ಗೇಟು. ಕೆಳಗೆ ನನ್ನ ತಲೆಗಿಂತ ದೊಡ್ಡ ಅಕ್ಷರದಲ್ಲಿ “ಡಾ. ಮಾಯಾ ಕಪಿಲ”.

ತೆಗೆ ಅಂದೆ. “ಮಳಿಗಾಲ ಮುಗಿಯೋತನ ಇರ್ತದ, ಗ್ಯಾರಂಟಿ ಅದ,” ಅಂದ.

ಸಂಜೆ ಓಣಿಯ ಮುದುಕ ದೌಲಪ್ಪ ಮುತ್ಯಾ ದಾರಿಯಲ್ಲಿ ತಡೆದು ಧೋತ್ರ ಎತ್ತಿ ಮೊಣಕಾಲು ತೋರಿಸಿದ.

“ಒಂದು ಗುಳಿಗಿ ಬರದು ಕೊಡವ್ವ.”

“ನಾ ಇನ್ನೂ ಡಾಕ್ಟರ್ ಆಗಿಲ್ಲ ಮುತ್ಯಾ.”

“ಫೋಟೋದಾಗ ಆಗೀದಿಯಲ್ಲ.”

ಊರೆಲ್ಲ ಸೇರಿ ನನ್ನನ್ನು ಡಾಕ್ಟರ್ ಮಾಡಿಬಿಟ್ಟಿದೆ. ಓದುವುದೊಂದು ಬಾಕಿ.

ಜುಲೈ 3, ಗುರುವಾರ

ಅಪ್ಪನ ಜೊತೆ ದೊಡ್ಡ ಗೇಟಿಗೆ ಹೋಗಿದ್ದೆ, ಫೀಸು ಕೇಳಲು. ಅದು ಖಾಸಗಿ ಕಾಲೇಜು. ಅಪ್ಪ ಕಲಬುರಗಿಯ ಕಾಳುಕಡಿ ಮಾರುಕಟ್ಟೆ ನೆಹರು ಗಂಜಿನಲ್ಲಿ ಹಮಾಲ, ಖಂಡೆಪ್ಪ ಸಾವಕಾರರ ತೊಗರಿ ಅಂಗಡಿಯಲ್ಲಿ ಚೀಲ ಹೊರುತ್ತಾನೆ. ಇವತ್ತಿಗೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ, ಹೆಗಲ ಮೇಲಿನ ಟವೆಲ್ ಮಾತ್ರ ಬಿಟ್ಟಿರಲಿಲ್ಲ.

ಗಾಜಿನ ಹಿಂದಿನ ಮೇಡಂ ಒಂದು ಹಾಳೆ ಕೊಟ್ಟರು. ಸರ್ಕಾರಿ ಕೋಟಾದಲ್ಲಿ ಬಂದರೆ ಸ್ಕಾಲರ್‌ಶಿಪ್ ಬರುತ್ತದೆ, ಆದರೆ ಅದು ಬರುವುದು ಆಮೇಲೆ, ಕಟ್ಟಬೇಕಾದದ್ದು ಮೊದಲು. ಹಾಳೆಯ ಕೊನೆಯಲ್ಲಿ “ಇತರೆ” ಎಂದು ಒಂದು ಸಾಲು. ಅದಕ್ಕೆ ಸ್ಕಾಲರ್‌ಶಿಪ್ಪೂ ಇಲ್ಲ, ಮತ್ತು ಅದೇ ಎಲ್ಲಕ್ಕಿಂತ ದೊಡ್ಡದು.

“ಇತರೆ ಅಂದ್ರ ಏನ್ರಿ ಮೇಡಂ?” ಅಪ್ಪ ಕೇಳಿದ.

“ಇತರೆ ಅಂದ್ರೆ ಇತರೆ.”

ಅಪ್ಪ ಹಾಳೆಯನ್ನು ಸಣ್ಣಗೆ ಮಡಚಿ ಜೇಬಿಗೆ ಹಾಕಿಕೊಂಡ. ಹೊರಗೆ ಬಂದು ಗೇಟಿನ ಕಂಬ ಮುಟ್ಟಿ ನೋಡಿದ. ನನಗೆ ಮೈಯೆಲ್ಲ ಉರಿಯಿತು.

ಬಸ್ಸಿನಲ್ಲಿ ಅಂದೆ: “ನಿನ್ನ ಕೈಲೆ ಆಗಂಗಿಲ್ಲಂದ್ರ ಆಯಿ ಬಾಯಿ ಯಾಕ ಮುಚ್ಚಸಲಿಲ್ಲ?” ಅವನು ಕಿಟಕಿಯ ಹೊರಗೆ ನೋಡುತ್ತ ಕೂತ. ನಮ್ಮ ಹಿಂದಿನ ಸೀಟಿನವರಿಗೂ ಕೇಳಿಸಿತು. ಕೇಳಿಸಲಿ.

ಮನೆಯಲ್ಲಿ ಅವ್ವ ಜೋಳದ ಹಿಟ್ಟು ನಾದುತ್ತ ಅಂದಳು, “ಯಾದಗಿರಿ ಸರ್ಕಾರಿ ಕಾಲೇಜು ಮ್ಯಾಲ ಬರಿ. ಖರ್ಚಿಲ್ಲ, ರೈಲಿಗಿ ಹತ್ತಿದ್ರ ಸಮೀಪ.”

“ಯಾದಗಿರಿ ಅಂದ್ರ ಯಾರು ಫ್ಲೆಕ್ಸ್ ಹಾಕ್ತಾರ ಅವ್ವ?”

ಅವಳು ನಾದುವುದು ನಿಲ್ಲಿಸಿ ನನ್ನ ಮುಖ ನೋಡಿದಳು. ನಮ್ಮ ಅವ್ವ ಯಶೋಧರಾಬಾಯಿಗೆ ಉತ್ತರ ಕೊಡದೆ ಗೆಲ್ಲುವುದು ಗೊತ್ತು.

ಜುಲೈ 7, ಸೋಮವಾರ

ಯಾರ ಜೊತೆಗೂ ಮಾತಿಲ್ಲ. ಪುಂಡಿ ಪಲ್ಯ ಹುಳಿಯಾಗಿತ್ತು. ಅದು ಹುಳಿಯೇ ಇರುತ್ತದೆ. ಆದರೂ ಸಿಟ್ಟು ಬಂತು.

ಜುಲೈ 12, ಶನಿವಾರ

ಅಪ್ಪ ಇವತ್ತು ಪೇಢೆ ತಂದಿದ್ದ. ದೊಡ್ಡ ಗೇಟಿನ ಖರ್ಚೆಲ್ಲ ಖಂಡೆಪ್ಪ ಸಾವಕಾರರು ಕೊಡುತ್ತಾರಂತೆ. “ಇತರೆ” ಸಹಿತ.

“ಸಾವಕಾರ್ರು ನನ್ನ ಕೈ ಟವೆಲ್ ಕೆಳಗ ತಗೊಂಡು ಮಾತಾಡ್ಯಾರ,” ಅಂದ. ಪೇಢೆಗಿಂತ ಆ ಮಾತೇ ಅವನಿಗೆ ಸಿಹಿಯಾಗಿತ್ತು.

ಗಂಜಿನಲ್ಲಿ ಹಿಂದೆ ತೊಗರಿಯ ದರ ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಡುವವ, ಕೊಳ್ಳುವವ ಇಬ್ಬರೂ ಒಂದು ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿ ಮಾತು ಮುಗಿಸುತ್ತಿದ್ದರು. ಸುತ್ತ ನಿಂತವರಿಗೆ ಟವೆಲ್ ಅಲುಗಾಡುವುದಷ್ಟೇ ಕಾಣುವುದು. ಈಗ ಎಲ್ಲ ಕಂಪ್ಯೂಟರಿಗೆ ಬಂದಿದೆ, ಆದರೂ ಸಾವಕಾರರಂಥ ಹಳಬರು ಒಳಗಿನ ಮಾತಿಗೆ ಇನ್ನೂ ಟವೆಲ್ ಬಿಚ್ಚುತ್ತಾರೆ. ಅಲ್ಲಿ ಆದ ಮಾತನ್ನು ಹೊರಗೆ ಆಡುವಂತಿಲ್ಲ. ಅಪ್ಪ ಇಪ್ಪತ್ತು ವರ್ಷ ಆ ಟವೆಲ್ಲುಗಳ ಪಕ್ಕದಲ್ಲಿ ಚೀಲ ಹೊತ್ತು ಹೋಗಿದ್ದಾನೆ. ಒಳಗೆ ಅವನ ಕೈ ಹೋದದ್ದು ಇದೇ ಮೊದಲು. ನಮ್ಮ ಓಣಿಯ ಯಾವ ಹಮಾಲನ ಕೈಯೂ ಹೋಗಿಲ್ಲ.

“ಅವರು ಕೊಡ್ತಾರ. ನಾವೇನು ಕೊಡಬೇಕು?” ಅವ್ವ ಕೇಳಿದಳು.

“ಟವೆಲ್ ಕೆಳಗಿಂದು ಮ್ಯಾಲ ಹೇಳಬಾರದು.”

“ನನಗೂ?”

“ಯಾರಿಗೂ.”

ಆಯಿ ಆಗಲೇ ಕಟ್ಟೆಗೆ ಓಡಿದ್ದಳು. ನಾನು ಎರಡು ಪೇಢೆ ತಿಂದೆ. ಮೂರನೆಯದು ಕೈಯಲ್ಲೇ ಉಳಿಯಿತು. ಏನು ಕೊಟ್ಟು ಬಂದಿದ್ದಾನೆ ಇವನು?

ಜುಲೈ 28, ಸೋಮವಾರ

ಕಮಲಾಪುರ ಬಸ್ ಸ್ಟ್ಯಾಂಡಿನ ಎದುರು ಶಬ್ಬೀರ್ ಭಾಯಿಯ ಕಂಪ್ಯೂಟರ್ ಅಂಗಡಿಯಲ್ಲಿ ಕಾಲೇಜುಗಳ ಹೆಸರು ತುಂಬಿದೆ. ಮೊದಲು ದೊಡ್ಡ ಗೇಟು. ಅದರ ಕೆಳಗೆ ಸರ್ಕಾರಿ ಕಾಲೇಜುಗಳು, ಯಾದಗಿರಿ ಎಲ್ಲಕ್ಕೂ ಕೊನೆ.

“ಉಲ್ಟಾ ಬರದೀದಿ ಬೇಟಾ,” ಅಂದರು ಶಬ್ಬೀರ್ ಭಾಯಿ. “ಸಬ್ ಲೋಗ್ ಸರ್ಕಾರಿ ಮ್ಯಾಲ ಹಾಕ್ತಾರ.”

“ನನ್ನ ಇಷ್ಟ ಭಾಯಿ.”

“ಇಷ್ಟ ಇದ್ರ ಮುಖ ಯಾಕ ಹಂಗ ಮಾಡೀದಿ?”

ಅವರಿಗೂ ಸಿಟ್ಟಿನಲ್ಲಿ ಏನೋ ಅಂದು ಬಂದೆ.

ಆಗಸ್ಟ್ 6, ಬುಧವಾರ

ಇವತ್ತು ಅಣಕು ಹಂಚಿಕೆ ಬಂತು. ಅಂದರೆ ಪಟ್ಟಿ ಹೀಗೇ ಇದ್ದರೆ ನಿನಗೆ ಇದು ಸಿಗುತ್ತದೆ, ಬೇಡವಾದರೆ ಈಗಲೇ ಬದಲಿಸಿಕೋ ಎಂದು ತೋರಿಸುವುದು. ನನಗೆ ತೋರಿಸಿದ್ದು ದೊಡ್ಡ ಗೇಟು.

ಶಬ್ಬೀರ್ ಭಾಯಿಯ ಅಂಗಡಿಯಲ್ಲಿ ಸಾವಕಾರರ ಮಗ ಸುನೀಲಕುಮಾರನೂ ಇದ್ದ. ಅವನೂ ನೀಟ್ ಬರೆದಿದ್ದಾನೆ. ಅಂಕ ಕೇಳಿದರೆ ನಗುತ್ತಾನೆ. ಅವನಿಗೆ ಅದೇ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಗಟ್ಟಿಯಾಗಿದೆ. ಕೆಟ್ಟ ಹುಡುಗನಲ್ಲ, ಚಹಾ ತರಿಸಿದ.

“ಛಲೋ ಆತು ನೋಡು, ಕೂಡೇ ಹೋಗೋಣು. ನನಗ ಪಾಸ್ ಮಾಡಿಸೋದು ನಿನ್ನ ಜಿಮ್ಮಾ ಅಂತ.”

“ಯಾರಂದ್ರು?”

“ನಮ್ಮಪ್ಪ. ಆಮ್ಯಾಲ ಐದು ವರ್ಷ ನಮ್ಮ ದವಾಖಾನ್ಯಾಗೇ ಇರ್ತಿಯಲ್ಲ. ನಿಮ್ಮಪ್ಪ ಹೇಳಿಲ್ಲೇನು?”

ಚಹಾ ಕುಡಿಯದೆ ಎದ್ದು ಬಂದೆ. ಬಸ್ಸಿಗೆ ಕಾಯುವಾಗ ಎದುರಿನ ಗಾಡಿಯಲ್ಲಿ ಕೆಂಬಾಳೆಯ ಗೊನೆ ಹಗ್ಗಕ್ಕೆ ನೇತಾಡುತ್ತಿತ್ತು. ಜನ ಬಂದು ಒತ್ತಿ ನೋಡುತ್ತಿದ್ದರು. ಇನ್ನಷ್ಟು ಬರೆಯಲಾರೆ. ಪೆನ್ನು ಹಾಳೆ ಹರಿಯುತ್ತಿದೆ.

ಆಗಸ್ಟ್ 7, ಗುರುವಾರ

ಗಂಜಿಗೆ ಹೋದೆ. ಅಪ್ಪನಿಗೆ ಹೇಳದೆ ಹೋದೆ, ಆದರೆ ಅಲ್ಲಿ ಹೋದರೆ ಅಪ್ಪ ಇರದೆ ಇರುತ್ತಾನೆಯೇ? ಬೆನ್ನ ಮೇಲೆ ಚೀಲ ಹೊತ್ತು ಅಂಗಡಿಯ ಬಾಗಿಲಲ್ಲೇ ಎದುರಾದ. ನನ್ನನ್ನು ನೋಡಿ ಚೀಲ ಇಳಿಸುವುದನ್ನೂ ಮರೆತು ನಿಂತ.

ಸಾವಕಾರರು ಗಾದಿಯ ಮೇಲೆ ಕೂತಿದ್ದರು. ಖುಷಿಯ ಮನುಷ್ಯ. “ಬಾರವ್ವ ಡಾಕ್ಟರಮ್ಮ. ಏ, ಕುರ್ಚಿ ಹಾಕ್ರಿ ಆಕಿಗಿ.”

“ಸಾವಕಾರ್ರ, ನಮ್ಮಪ್ಪನ ಕೂಡ ಟವೆಲ್ ಕೆಳಗ ಏನು ಮಾತಾತು?”

“ನಿಮ್ಮಪ್ಪಗ ಕೇಳು.”

“ಅಂವ ಹೇಳವಲ್ಲ.”

“ನೋಡ್ರಿ, ಎಂಥ ಇಮಾನದಾರ ಮನಶ್ಯಾ!” ಎಂದು ಸುತ್ತಲಿನವರಿಗೆ ಹೇಳಿದರು. ಆಮೇಲೆ ತಮ್ಮ ಟವೆಲ್ ಬಿಚ್ಚಿ ನನ್ನ ಕಡೆ ಚಾಚಿದರು. “ಕೈ ಕೊಡು. ನಿನಗೂ ಹಂಗೇ ಹೇಳ್ತೀನಿ.”

ತೂಕದವರು, ಗುಮಾಸ್ತರು, ಹಮಾಲರು ಎಲ್ಲ ನೋಡುತ್ತಿದ್ದರು. ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡೆ.

“ಬಾಯಿಲೆ ಹೇಳ್ರಿ.”

“ಅದರಾಗೇನದವ್ವ? ಖರ್ಚು ನಂದು. ಓದೋತನ ನಮ್ಮ ಸುನೀಲಗ ಸ್ವಲ್ಪ ಹೇಳಿಕೊಡು. ಕಮಲಾಪುರ ರೋಡಿನ್ಯಾಗ ನಮ್ಮ ಗೋದಾಮಿನ ಬಾಜೂಕ ಒಂದು ದವಾಖಾನಿ ಕಟ್ಟಾಕತ್ತೀನಿ. ಮುಗಿದ ಮ್ಯಾಲ ಐದು ವರ್ಷ ಅಲ್ಲಿ ಕೂಡು. ಬೋರ್ಡಿನ ಮ್ಯಾಲ ಸುನೀಲನ ಹೆಸರು, ಮಂದಿನ್ನ ನೋಡಾಕಿ ನೀನು. ಪಗಾರ ಕೊಡ್ತೀನಿ. ತಪ್ಪೇನದ, ಹೇಳು?”

“ತಪ್ಪಿಲ್ಲಂದ್ರ ಎಲ್ಲರ ಮುಂದ ಹೇಳಬಹುದಿತ್ತಲ್ಲರಿ?”

“ಬಾಯಿಲೆ ಹೇಳಿದ್ರ ದರ ಏರ್ತದವ್ವ.”

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಬೆನ್ನ ಮೇಲೆ ಚೀಲ ಇದ್ದವನಿಗೆ ನಗುವುದು ಕಷ್ಟ. ಆದರೂ ನಕ್ಕ. ಸಾವಕಾರರ ಮಾತಿಗಿಂತ ಆ ನಗುವನ್ನು ನಾನು ಮರೆಯುವುದಿಲ್ಲ.

ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದೆವು. ಬಾಯಿಗೆ ಬಂದದ್ದೆಲ್ಲ ಅಂದೆ. ನನ್ನನ್ನು ತೊಗರಿ ಅಂತ ತಿಳಿದಿದ್ದೀಯಾ ಅಂದೆ. ಕೊನೆಗೆ ಅವನು ತನ್ನ ಅಂಗೈ ನೋಡಿಕೊಳ್ಳುತ್ತ ಅಂದ:

“ಇಷ್ಟು ವರ್ಷದಾಗ ಯಾರೂ ನನ್ನ ಕೈ ಹಂಗ ಹಿಡದಿದ್ದಿಲ್ಲ, ಮಾಯಾ.”

“ಅಷ್ಟಕ್ಕ ಹೂಂ ಅಂದಿ?”

“ಹೂಂ ಅನ್ನಲಿಲ್ಲ. ಕೈ ಕೊಟ್ಟೆ. ಕೊಟ್ಟ ಮ್ಯಾಲ ಬಿಡಿಸ್ಕೊಳ್ಳೋದು ಹ್ಯಾಂಗಂತ ತಿಳೀಲಿಲ್ಲ.”

ಇನ್ನೂ ಬಯ್ಯುವುದಿತ್ತು. ಅಷ್ಟರಲ್ಲಿ ಕ್ರಾಸ್ ಬಂತು. ಫ್ಲೆಕ್ಸಿನಲ್ಲಿ ನಾನು ನಗುತ್ತಿದ್ದೆ.

ಆಗಸ್ಟ್ 8, ಶುಕ್ರವಾರ

ಕಮಲಾಪುರಕ್ಕೆ ಹೋಗಿ ಪಟ್ಟಿ ಬದಲಿಸಿದೆ. ಸರ್ಕಾರಿ ಕಾಲೇಜುಗಳೆಲ್ಲ ಮೇಲೆ. ಕಲಬುರಗಿಯದು ಮೊದಲು, ಅದು ಸಿಗುವಷ್ಟು ರ‍್ಯಾಂಕ್ ಇಲ್ಲ. ಆಮೇಲೆ ಯಾದಗಿರಿ. ದೊಡ್ಡ ಗೇಟನ್ನು ತೆಗೆದೇ ಹಾಕಿದೆ.

“ಪೂರಾ ತೆಗೀಲೇನು?” ಶಬ್ಬೀರ್ ಭಾಯಿ ಎರಡು ಸಲ ಕೇಳಿದರು. “ಯಾದಗಿರಿ ಸಿಗದಿದ್ರ ಏನೂ ಇಲ್ಲದಂಗ ಆಗಬಾರದು, ಬೇಟಾ.”

ತೆಗೆಯಿರಿ ಅಂದೆ. ಪಟ್ಟಿ ತುಂಬಿದ ದಿನ ಅಂದದ್ದಕ್ಕೆ ಸಿಟ್ಟು ಮಾಡಿಕೊಳ್ಳಬೇಡಿ ಎಂದೂ ಹೇಳಿದೆ. ಅವರು ದುಡ್ಡು ತಗೊಳ್ಳಲಿಲ್ಲ. ಅದಕ್ಕೂ ಸ್ವಲ್ಪ ಸಿಟ್ಟು ಬಂತು.

ಆಗಸ್ಟ್ 19, ಮಂಗಳವಾರ

ಯಾದಗಿರಿ.

ಅವ್ವ ನನ್ನ ತಲೆ ಹಿಡಿದು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಕೈಗೆ ಹಿಟ್ಟು ಇತ್ತು, ಕೂದಲಿಗೆಲ್ಲ ಹತ್ತಿತು. ಅಪ್ಪ ಅಂಗಳದಲ್ಲಿ ನಿಂತಿದ್ದ. ಒಳಗೆ ಬರಲೋ ಬೇಡವೋ ಅನ್ನುವವನ ಹಾಗೆ.

ಆಗಸ್ಟ್ 20, ಬುಧವಾರ

ಆಯಿ ನಿನ್ನೆಯಿಂದ ಕಟ್ಟೆಗೆ ಹೋಗಿಲ್ಲ. ಬೆಳಿಗ್ಗೆ ನಳದ ಹತ್ತಿರ ನಮ್ಮ ಓಣಿಯ ನೀಲಗಂಗಮ್ಮ ಕೇಳಿದಳಂತೆ, “ತುಳಜಾಬಾಯಿ, ದೊಡ್ಡ ಗೇಟು ಎತ್ತಾಗ ಹೋತು? ಗಾಳಿಗಿ ಹಾರಿತೇನು?” ಆಯಿ ಅರ್ಧ ಕೊಡ ನೀರು ತಂದು ಒಳಗೆ ಗೋಡೆಗೆ ಒರಗಿ ಕೂತುಬಿಟ್ಟಳು.

“ನಾ ಹೇಳಿದ ಕಥಿ ಸುಳ್ಳಾತು,” ಅಂದಳು. ಹೊರಗಿನವರು ಯಾರೂ ಅವಳಿಗೆ ಸುಳ್ಳುಗಾತಿ ಅನ್ನಬಾರದು. ಅನ್ನುವುದಿದ್ದರೆ ನಾನು ಅನ್ನುತ್ತೇನೆ. ನೀಲಗಂಗಮ್ಮ ಯಾರು ಅನ್ನಲು?

ಸಿಟ್ಟಿನಿಂದ ಎದ್ದು ಸಂಜೆ ನಾನೇ ಕಟ್ಟೆಯ ಮೇಲೆ ಹೋಗಿ ಕೂತೆ. ಆಯಿ ಕೂಡುವ ಜಾಗದಲ್ಲೇ. ಕೆಲಸ ಮುಗಿಸಿ ಬಂದ ಮಂದಿ ನೋಡಿ ನಿಂತರು. ದತ್ತಪ್ಪ ಕಾಕಾ, ದೌಲಪ್ಪ ಮುತ್ಯಾ, ಅಪ್ಪನ ಜೊತೆ ಗಂಜಿಗೆ ಹೋಗುವ ಇಬ್ಬರು ಹಮಾಲರು, ನೀಲಗಂಗಮ್ಮನೂ.

“ಒಂದು ಗಂಜು ಇತ್ತು,” ಅಂದೆ. “ಆ ಗಂಜಿನ್ಯಾಗ ಒಬ್ಬ ಸಾವಕಾರ ಇದ್ದ.”

“ಹೊಟ್ಟಿ ಹೇಳು,” ಕಟ್ಟೆಯ ಎದುರಿಗೇ ಇರುವ ನಮ್ಮ ಮನೆಯೊಳಗಿನಿಂದ ಆಯಿಯ ದನಿ ಬಂತು. “ಸಾವಕಾರ ಅಂದ್ರ ಮೊದಲ ಹೊಟ್ಟಿ ಹೇಳಬೇಕು.”

“ಹೊಟ್ಟಿ ಎರಡು ಚೀಲದಷ್ಟಿತ್ತು. ಸಾವಕಾರ ಎಲ್ಲಾನೂ ಟವೆಲ್ ಕೆಳಗ ಕೊಳ್ತಿದ್ದ. ತೊಗರಿ ಕೊಂಡ, ಕಡ್ಲಿ ಕೊಂಡ. ಒಂದಿನ ಒಬ್ಬಾಕಿ ಹುಡುಗಿನ್ನ ಕೊಳ್ಳಾಕ ನಿಂತ. ಆಕಿ ಕಣ್ಣು, ಆಕಿ ಓದು, ಆಕಿ ಐದು ವರ್ಷ.”

ಆಯಿ ಬಾಗಿಲಿಗೆ ಬಂದಿದ್ದಳು. ನಾನು ಎಲ್ಲ ಹೇಳಿದೆ. ಹುಡುಗಿಯ ಅಪ್ಪನ ಕೈಯನ್ನು ಸಾವಕಾರ ಟವೆಲ್ಲಿನ ಕೆಳಗೆ ಹಿಡಿದ, ಬೆರಳು ಒತ್ತಿದ, ಅಪ್ಪ ಒಂದು ಗಳಿಗೆ ಸುಮ್ಮನಿದ್ದ, ಆಮೇಲೆ ತನ್ನ ಕೈಯನ್ನು ತಾನೇ ಬಿಡಿಸಿಕೊಂಡ, “ನನ್ನ ಮಗಳು ಸರ್ಕಾರಿ ಕಾಲೇಜಿಗಿ ಹೋಗ್ತಾಳ, ಆಕಿ ಹೆಸರಿನ ಬೋರ್ಡ್ ಆಕಿನೇ ಹಾಕ್ಕೋತಾಳ” ಅಂದ, ಎಂದು ಹೇಳಿದೆ. ಅಲ್ಲಿ ಹಾಗೆ ಆಗಿರಲಿಲ್ಲ. ಕಥೆ ಉದ್ದವಾಗುತ್ತಿತ್ತು, ಅದಕ್ಕೆ ಹಾಗೆ ಹೇಳಿದೆ.

ಅಪ್ಪ ಕಟ್ಟೆಯ ತುದಿಯಲ್ಲಿ ಕೂತಿದ್ದ. ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮಳೆ ಬಂದು ಹೋದ ಮೇಲಿನ ಸೆಕೆ, ಎಲ್ಲರೂ ಒರೆಸಿಕೊಳ್ಳುತ್ತಿದ್ದರು.

ಆಗಸ್ಟ್ 21, ಗುರುವಾರ

ರೈಲಿನಲ್ಲಿ ಬರೆಯುತ್ತಿದ್ದೇನೆ. ಅಪ್ಪ ಎದುರಿಗೆ ಕೂತು ನಿದ್ದೆ ಮಾಡುತ್ತಿದ್ದಾನೆ. ಯಾದಗಿರಿಗೆ ಸೇರಲು ಹೋಗುತ್ತಿದ್ದೇವೆ.

ನಿನ್ನೆ ಕಥೆ ಕೇಳಿದವರು ಇವತ್ತು ಬೆಳಿಗ್ಗೆ ಮಾಡಿದ್ದನ್ನು ಬರೆದಿಡಬೇಕು.

ದತ್ತಪ್ಪ ಕಾಕಾ ಕುಡಗೋಲು ತಗೊಂಡು ಕ್ರಾಸಿಗೆ ಹೋಗಿ ಫ್ಲೆಕ್ಸಿನಿಂದ ಗೇಟನ್ನಷ್ಟೇ ಕೊಯ್ದು ತೆಗೆದ. ಈಗ ನನ್ನ ಹಿಂದೆ ಚೌಕ ತೂತಿದೆ, ಅದರಲ್ಲಿ ಬರುವ ಬಸ್ಸು ಕಾಣುತ್ತದೆ. “ಡಾ.” ತೆಗೆ ಅಂದರೆ ಕುಡಗೋಲಿಗೆ ಹರಿತ ಇಲ್ಲ ಅಂದ. ನೀಲಗಂಗಮ್ಮ ದಾರಿಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳಲೆಂದು ಶೇಂಗಾ ಹಿಂಡಿ ಕಟ್ಟಿ ತಂದಳು, ಆಯಿಯ ಮುಖ ನೋಡದೆ ನನ್ನ ಕೈಗೆ ಕೊಟ್ಟಳು. ದೌಲಪ್ಪ ಮುತ್ಯಾ ಬಸ್ಸಿನ ತನಕ ಕುಂಟುತ್ತ ಬಂದ. ಆಯಿ ಕಂಡಕ್ಟರನನ್ನು ನಿಲ್ಲಿಸಿಕೊಂಡು, ಯಾದಗಿರಿ ಕಾಲೇಜಿನ ಬಾಗಿಲಿಗೇ ರೈಲು ಹೋಗಿ ನಿಲ್ಲುತ್ತದೆ, ಡಾಕ್ಟರುಗಳು ಇಳಿದು ಸೀದಾ ಒಳಗೆ ಹೋಗುತ್ತಾರೆ ಎಂದು ಹೇಳುತ್ತಿದ್ದಳು. ನಾನು ತಡೆಯಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಅಪ್ಪನಿಗೆ ರಜೆ ಕೇಳುವುದಿತ್ತು, ಅದಕ್ಕೆ ಗಂಜಿನಲ್ಲಿ ಇಳಿದೆವು. ನಮ್ಮ ಓಣಿಯ ಇಬ್ಬರು ಹಮಾಲರೂ ಜೊತೆಗಿದ್ದರು. ಸಾವಕಾರರಿಗೆ ಯಾದಗಿರಿಯ ಸುದ್ದಿ ಮುಟ್ಟಿತ್ತು. ಸಿಟ್ಟೇನೂ ಕಾಣಲಿಲ್ಲ. ನಗುತ್ತಲೇ ಹೆಗಲಿನ ಟವೆಲ್ ತೆಗೆದು ಚಾಚಿದರು.

“ಬಾ ಕಪಿಲ. ಇನ್ನೂ ಒಂದು ಮಾತದ, ಕೈ ಕೊಡು.”

ಅಪ್ಪ ಆ ಟವೆಲ್ಲನ್ನು ನೋಡಿದ. ಆಮೇಲೆ ತನ್ನ ಹೆಗಲಿನ ಟವೆಲ್ ತೆಗೆದು ತಲೆಗೆ ಸುತ್ತಿಕೊಂಡ, ಚೀಲ ಹೊರುವ ಮುಂಚೆ ಸುತ್ತಿಕೊಳ್ಳುವ ಹಾಗೆ, ನಿಧಾನವಾಗಿ.

“ಬಾಯಿಲೆ ಹೇಳ್ರಿ ಸಾವಕಾರ್ರ,” ಅಂದ. “ಇಲ್ಲೇ ನಿಂತೀನಿ.”

ಹಿಂದೆ ಆ ಇಬ್ಬರೂ ತಮ್ಮ ಟವೆಲ್ ತಲೆಗೆ ಸುತ್ತಿಕೊಂಡು ನಿಂತರು. ತಕ್ಕಡಿಯವನು ತೂಕ ನಿಲ್ಲಿಸಿದ. ಸಾವಕಾರರ ಕೈ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿತ್ತು. ಆಮೇಲೆ ಅವರು ಟವೆಲ್ ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು.